ಮೆರ್ಸಿಗೆ ನಾನು ಕೊಟ್ಟದ್ದು

ಮೊದಲ ಕೆಮ್ಮು ಬಂದದ್ದು ಹಾಡುವಾಗ.

ಉಗಾಂಡಾದ ಒಂದು ಸಣ್ಣ ಊರು. ತಗಡಿನ ಮನೆಯೊಂದರ ಅಂಗಳದಲ್ಲಿ, ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬಳ ಎದುರು ಚಾಪೆಯ ಮೇಲೆ ಕೂತು ನಾನೂ ಮೆರ್ಸಿಯೂ ಹಾಡುತ್ತಿದ್ದೆವು. ಎರಡನೇ ಸಾಲಿಗೆ ನನ್ನ ಉಸಿರು ಕಟ್ಟಿತು. ಉಳಿದದ್ದನ್ನು ಮೆರ್ಸಿ ಒಬ್ಬಳೇ ಹಾಡಿ ಮುಗಿಸಿದಳು. ಅಜ್ಜಿ ನನ್ನ ಕಡೆ ಕೈ ತೋರಿಸಿ ಏನೋ ಅಂದಳು. ಮೊದಲು ಈ ಹುಡುಗಿಗಾಗಿ ಪ್ರಾರ್ಥನೆ ಮಾಡಿ ಅಂದಳಂತೆ. ನಾವಿಬ್ಬರೂ ನಕ್ಕೆವು.

ಧೂಳಿಗೆ ಇರಬೇಕು ಅಂದುಕೊಂಡೆ. ಆದರೆ ನಾನು ಹಳೇ ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವಳು, ಧೂಳಿಗೆ ಕೆಮ್ಮುವ ಪೈಕಿ ಅಲ್ಲ. ಅದು ನನಗೆ ಆಗಲೇ ಗೊತ್ತಿತ್ತು.

ನಮ್ಮ ಚರ್ಚಿನ ಸಭೆಯಿಂದ ವಿದೇಶಕ್ಕೆ ಸೇವೆಗೆ ಹೋದವಳು ನಾನೊಬ್ಬಳೇ. ಪದವಿ ಮುಗಿದ ವರ್ಷವೇ ಹೊರಟೆ. ಬೀಳ್ಕೊಡುವ ದಿನ ಪಾಸ್ಟರು ನನ್ನ ತಲೆಯ ಮೇಲೆ ಕೈ ಇಟ್ಟಾಗ ಅವ್ವ ಅತ್ತಳು. ನನ್ನ ಕೊರಳಲ್ಲಿ ಹಾರಗಳು ಎಷ್ಟಿದ್ದವೆಂದರೆ ಫೋಟೋದಲ್ಲಿ ಗದ್ದವೇ ಕಾಣುವುದಿಲ್ಲ.

ಅಲ್ಲಿನ ದಿನಗಳಲ್ಲಿ ಹಾರ ಇರಲಿಲ್ಲ. ನಸುಕಿನಲ್ಲಿ ಎದ್ದು ಓದು, ಪ್ರಾರ್ಥನೆ. ಆಮೇಲೆ ಬಕೆಟ್ಟಿನಲ್ಲಿ ಬಟ್ಟೆ ತಿಕ್ಕುವುದು, ಇಸ್ತ್ರಿ ಮಾಡುವುದು, ನಡೆಯುವುದು. ಮನೆ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಪರಿಚಯ ಹೇಳಿಕೊಳ್ಳುವುದು. ಕೆಲವರು ಸ್ಟೂಲು ಹಾಕುತ್ತಿದ್ದರು, ಕೆಲವರು ನಾಯಿ ಬಿಡುತ್ತಿದ್ದರು. ಯಾರದೋ ಒಗೆದ ಬಟ್ಟೆ ಒಣಹಾಕಿ, ಯಾರದೋ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು, ಬೇಯಿಸಿದ ಬಾಳೆಕಾಯಿ ಮುದ್ದೆ ತಿಂದು ಮರಳಿ ಬರುವಷ್ಟರಲ್ಲಿ ಕಾಲು ನಮ್ಮದಾಗಿ ಉಳಿದಿರುತ್ತಿರಲಿಲ್ಲ. ಸುಖವಾಗಿದ್ದೆ. ಇದನ್ನೂ ಹೇಳಲೇಬೇಕು.

ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾವಾಗಲೂ ಇಬ್ಬರು. ಜೊತೆಗಾತಿಯನ್ನು ಬಿಟ್ಟು ಬೀದಿಗೂ ಇಳಿಯುವಂತಿಲ್ಲ, ಮಲಗುವುದೂ ಒಂದೇ ಕೋಣೆಯಲ್ಲಿ. ಒಬ್ಬಳಿಗೆ ಹುಷಾರು ತಪ್ಪಿದರೆ ಇನ್ನೊಬ್ಬಳೂ ಮನೆಯಲ್ಲೇ ಕೂರಬೇಕು, ಆ ದಿನದ ಕೆಲಸವೆಲ್ಲ ನಿಲ್ಲಬೇಕು. ನನ್ನ ಜೊತೆಗಾತಿ ಮೆರ್ಸಿ ಕೀನ್ಯಾದವಳು. ನನಗಿಂತ ಆರು ತಿಂಗಳು ಮೊದಲು ಬಂದವಳು, ಎತ್ತರದ ದನಿಯ ಹುಡುಗಿ. ನನ್ನ ಕೆಮ್ಮಿಗಾಗಿ ಅವಳ ಕೆಲಸ ಕೆಡುವುದು ನನಗೆ ಬೇಡವಾಗಿತ್ತು. ಹಾಗಾಗಿ ಹೇಳಲಿಲ್ಲ.

ಬದಲಿಗೆ ಉಪವಾಸ ಮಾಡಿದೆ. ತಿಂಗಳ ಮೊದಲ ಭಾನುವಾರ ಎಲ್ಲರೂ ಒಂದೊಂದು ಉದ್ದೇಶ ಇಟ್ಟುಕೊಂಡು ಉಪವಾಸವಿರುವುದು ನಮ್ಮ ರೂಢಿ. ನಾನು ಕೆಮ್ಮು ಹೋಗಲಿ ಎಂದು ಇದ್ದೆ. ಅದಾಗಲೇ ಸ್ಕರ್ಟು ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಿಕೊಳ್ಳುತ್ತಿದ್ದ ಹುಡುಗಿ, ಊಟ ಬಿಟ್ಟು ದೇವರ ಹತ್ತಿರ ಆರೋಗ್ಯ ಕೇಳಿದೆ. ಈಗ ನೆನೆದರೆ ನನಗೇ ನನ್ನ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ.

ಮನೆಗೆ ವಿಡಿಯೋ ಕಾಲ್ ಮಾಡಲು ಸೋಮವಾರ ಮಾತ್ರ ಅವಕಾಶ. ಅವ್ವ ಪರದೆಗೆ ಕಣ್ಣು ಹಚ್ಚಿ ಕೇಳಿದಳು.

"ಯಾಕ ಇಷ್ಟ ಸೊರಗೀದಿ ಸುನೀತಾ?"

"ನಡದು ನಡದು ಬೇ. ಆರಾಮ ಅದೇನಿ."

"ಖರೇ ಹೇಳು."

"ಖರೇನ."

ಎರಡು ವಾರದ ನಂತರ ಕರವಸ್ತ್ರದಲ್ಲಿ ರಕ್ತ ಬಂತು.

ಅದನ್ನು ಮೊದಲು ನೋಡಿದ್ದು ಮೆರ್ಸಿ. ಅವಳೇ ನನ್ನನ್ನು ಎಳೆದುಕೊಂಡು ಕ್ಲಿನಿಕ್ಕಿಗೆ ಹೋದಳು. ಎಕ್ಸ್‌ರೇ, ಕಫದ ಟೆಸ್ಟ್. ಟಿಬಿ. ನನಗೆ ಮಾತ್ರೆ ಶುರುವಾದವು, ಮೆರ್ಸಿಯ ಕಫವನ್ನೂ ನೋಡಿದರು, ಆಗ ಏನೂ ಸಿಗಲಿಲ್ಲ. ರೋಗ ಹರಡದ ಹಂತಕ್ಕೆ ನಾನು ಬಂದ ಮೇಲೆ ವಿಮಾನ ಹತ್ತಿಸಿದರು. ಸೇವೆಯ ಅವಧಿ ಅರ್ಧವೂ ಮುಗಿದಿರಲಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದಾಗ ಹಾರ ಹಿಡಿದವರು ಯಾರೂ ಇರಲಿಲ್ಲ. ಅವ್ವ ಯಾರಿಗೂ ತಿಳಿಸಿರಲಿಲ್ಲ. ಸಭೆಯವರಿಗೆ ಆಮೇಲೆ ತಿಳಿಸಿದ್ದು ಕಾಮಾಲೆ ಎಂದು. ಟಿಬಿ ಅಂದರೆ ಹುಡುಗಿಯ ಮದುವೆಗೆ ತೊಡಕಾದೀತು ಎಂಬ ಹೆದರಿಕೆ. ಪರಿಣಾಮವಾಗಿ ನಮ್ಮ ಓಣಿಯ ಮನೆಗೆ ನೆಲನೆಲ್ಲಿ ಕಷಾಯ, ಕಬ್ಬಿನ ಹಾಲು, ಮಜ್ಜಿಗೆ ಎಲ್ಲವೂ ಹರಿದು ಬಂದವು. ಪಕ್ಕದ ಮನೆಯ ಚಾಚಿ ನನ್ನ ಕಣ್ಣರೆಪ್ಪೆ ಎತ್ತಿ ನೋಡಿ, "ಹಳದಿ ಕಮ್ಮಿ ಆಗೇತಿ" ಎಂದು ಸಂತೋಷಪಟ್ಟಳು. ಅವ್ವ ಬಚ್ಚಲಿಗೆ ಕಷಾಯ ಸುರಿಯುತ್ತ ದೇವರಲ್ಲಿ ಕ್ಷಮೆ ಕೇಳುತ್ತಿದ್ದಳು. ನನಗೆ ನಗು ಬರುತ್ತಿತ್ತು, ನಕ್ಕರೆ ಕೆಮ್ಮು ಬರುತ್ತಿತ್ತು.

ಮಾತ್ರೆ ನುಂಗಿದ ಮೇಲೆ ಮಧ್ಯಾಹ್ನದವರೆಗೆ ಹೊಟ್ಟೆ ತೊಳಸುತ್ತಿತ್ತು. ಮೂತ್ರ ಕೇಸರಿ ಬಣ್ಣ. ಅವ್ವ ದಿನಾ ಮೊಟ್ಟೆ ಬೇಯಿಸಿ ಎದುರಿಗೆ ಕೂತು ತಿನ್ನಿಸುತ್ತಿದ್ದಳು. ಉಗಾಂಡಾದಲ್ಲಿ ಆ ಅಜ್ಜಿಗೆ ಹಾಡು ಕೇಳಿಸಲು ಹೋಗುತ್ತಿದ್ದ ನಾನು ಈಗ ಬಾಗಿಲಿಗೆ ಬಂದವರಿಂದ ಪ್ರಾರ್ಥನೆ ಮಾಡಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಮೆರ್ಸಿಯ ಮೆಸೇಜು ಬಂತು.

ಅವಳಿಗೂ ಟಿಬಿ.

ನಾನು ಊಟ ಬಿಟ್ಟೆ. ನಾನು ಅವಳ ದೇಶದ ಪಕ್ಕದ ದೇಶಕ್ಕೆ ಒಳ್ಳೆಯದನ್ನು ಹೊತ್ತುಕೊಂಡು ಹೋದವಳು, ರೋಗ ಹೊತ್ತುಕೊಂಡು ಹೋಗಿದ್ದೆ. ಮುಚ್ಚಿದ ಕಿಟಕಿಯ ಆ ಸಣ್ಣ ಕೋಣೆಯಲ್ಲಿ ಅವಳು ರಾತ್ರಿಯೆಲ್ಲ ನನ್ನ ಕೆಮ್ಮನ್ನೇ ಉಸಿರಾಡಿದ್ದಳು. ನಾನು ಮೊದಲ ವಾರವೇ ಬಾಯಿ ಬಿಟ್ಟಿದ್ದರೆ ಅವಳು ಈಗಲೂ ಹಾಡುತ್ತಿರುತ್ತಿದ್ದಳು. ಡಾಕ್ಟರಿಗೆ ಹಾಗೆಯೇ ಹೇಳಿದೆ. ಅವರು ಎಕ್ಸ್‌ರೇಯಿಂದ ಕಣ್ಣು ಎತ್ತಲಿಲ್ಲ.

"ಯಾರಿಂದ ಯಾರಿಗೆ ಬಂತು ಅಂತ ಹಿಂಗ ಹೇಳಾಕ ಬರೂದಿಲ್ರಿ. ಮದ್ಲ ಹೇಳಬೇಕಿತ್ತು, ಅದು ಖರೇ. ಈಗ ಗುಳಿಗಿ ತಪ್ಪಿಸಬ್ಯಾಡ್ರಿ."

ಆ ಮಾತು ನನಗೆ ಸಾಲಲಿಲ್ಲ. ಮೆರ್ಸಿ ಈಗ ತನ್ನ ಊರಿನಲ್ಲಿದ್ದಳು. ಅವಳಿಗೆ ಪ್ರತಿ ಸೋಮವಾರ ಕರೆ ಮಾಡುತ್ತಿದ್ದೆ, ಪ್ರತಿ ಸಲವೂ ಕ್ಷಮೆ ಕೇಳುತ್ತಿದ್ದೆ. ಅವಳು ಪ್ರತಿ ಸಲವೂ ಕ್ಷಮಿಸಿದ್ದೇನೆ ಅನ್ನುತ್ತಿದ್ದಳು. ಅವಳ ಎತ್ತರದ ದನಿ ತೆಳುವಾಗಿತ್ತು. ಅದನ್ನು ಕೇಳಿ ಮತ್ತೆ ಕ್ಷಮೆ ಕೇಳುತ್ತಿದ್ದೆ.

ಕಳೆದ ಸೋಮವಾರ ಅವಳು ನನ್ನ ಮಾತನ್ನು ಅರ್ಧಕ್ಕೆ ತಡೆದಳು. ನಾವು ಮಾತಾಡುವುದು ಇಂಗ್ಲಿಷಿನಲ್ಲಿ.

"ಸಾಕು ಮಾಡು ಸುನೀತಾ. ವಾರವಾರ ನಿನ್ನನ್ನು ಕ್ಷಮಿಸುವುದಕ್ಕೆ ನನ್ನಲ್ಲಿ ಶಕ್ತಿ ಇಲ್ಲ." ಸ್ವಲ್ಪ ಉಸಿರು ತೆಗೆದುಕೊಂಡಳು. "ನೀನು ಬರುವ ಮೊದಲೇ ನನಗೆ ಸಂಜೆ ಹೊತ್ತು ಜ್ವರ ಬರುತ್ತಿತ್ತು. ಕೆಲಸ ನಿಲ್ಲುತ್ತದೆ ಎಂದು ನಾನೂ ಯಾರಿಗೂ ಹೇಳಿರಲಿಲ್ಲ."

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಮೆರ್ಸಿ ಮುಂದುವರಿಸಿದಳು.

"ನಾನೇ ನಿನಗೆ ಕೊಟ್ಟಿರಬಹುದು. ಅದು ನಿನಗೆ ಒಂದು ಸಲವೂ ಹೊಳೆಯಲಿಲ್ಲ ಅಲ್ಲವೇ? ಕಾಯಿಲೆಯಲ್ಲೂ ಕೊಡುವವಳು ನೀನೇ ಆಗಬೇಕು."

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಬಂದದ್ದು ಸಿಟ್ಟು. ಜ್ವರ ಮುಚ್ಚಿಟ್ಟು ನನ್ನ ಪಕ್ಕ ಮಲಗಿದ್ದಳಲ್ಲ ಎಂಬ ಸಿಟ್ಟು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಅಷ್ಟು ವಾರ ಅವಳೂ ಹೀಗೇ ನುಂಗಿಕೊಂಡಿರಬೇಕು ಅನ್ನಿಸಿತು. ಅವಳು ಹೇಳಿದ್ದು ನಿಜವೋ, ನನ್ನನ್ನು ಹಗುರ ಮಾಡಲು ಹೇಳಿದ್ದೋ, ಈಗಲೂ ನನಗೆ ಗೊತ್ತಿಲ್ಲ. ನಾನು ಮುಚ್ಚಿಟ್ಟದ್ದು ತಪ್ಪೇ, ಅದೇನೂ ಅಳಿಸಿಹೋಗುವುದಿಲ್ಲ.

"ಹಾಗಾದರೆ ನನ್ನನ್ನು ಕ್ಷಮಿಸುತ್ತೀಯಾ?" ಎಂದು ಕೇಳಿದಳು. ಈ ಸಲ ಕೇಳಿದ್ದು ಅವಳು.

ಎಷ್ಟು ಕಷ್ಟದ ಪ್ರಶ್ನೆ ಎಂದು ಆಗ ಗೊತ್ತಾಯಿತು. ಕೂಡಲೇ ಹೂಂ ಅನ್ನಲಾಗಲಿಲ್ಲ. ಒಳಗಿನಿಂದ ಅವ್ವ, "ಮೊಟ್ಟಿ ಆರಾಕತ್ತಾವ, ಲಗೂ ಬಾ" ಎಂದು ಕೂಗಿದಳು.

"ಇವತ್ತು ಇಲ್ಲ," ಅಂದೆ. "ಮುಂದಿನ ಸೋಮವಾರ ಕೇಳು."

ಮೆರ್ಸಿ ಕೆಮ್ಮುವಷ್ಟು ನಕ್ಕಳು.