ಅವ್ವ ಕಂಡ ಮೂಕಿಚಿತ್ರ

ನಿಪ್ಪಾಣಿಯ ನಮ್ಮ ಮನೆಯ ಟೀವಿ ರಿಮೋಟಿನಲ್ಲಿ ಮೊದಲು ಸವೆದದ್ದು ದನಿ ಏರಿಸುವ ಗುಂಡಿ. ಅವ್ವನ ಕಿವಿ ಮಂದವಾದಷ್ಟೂ ನಾವು ಅದನ್ನು ಒತ್ತಿದೆವು. ಕೊನೆಗೆ ಧಾರಾವಾಹಿ ಇಡೀ ಓಣಿಗೆ ಕೇಳಿಸತೊಡಗಿತು, ಅವ್ವನಿಗೊಬ್ಬಳಿಗೆ ಇಲ್ಲ. ಕಿವಿಯ ಮಷೀನು ಗೂಡಿನಲ್ಲಿ ವಿಶ್ರಾಂತಿಗೆ ಸಂದಿತು; ಅವ್ವ ಅಡುಗೆಮನೆಯ ಕಟ್ಟೆಗೆ ವಲಸೆ ಹೋದಳು.

ಅವಳ ಕಿವುಡುತನದ ಲಾಭ ಪಡೆದವರು ನಾವು. ಅಂಕಲಿಯಲ್ಲಿ ಅವಳ ತಂಗಿ, ನಮ್ಮ ಚಿಗವ್ವ, ಹಾಸಿಗೆ ಹಿಡಿದಿದ್ದಳು, ಡಾಕ್ಟರು ಕೈಚೆಲ್ಲಿದ್ದರು. ಎಂಬತ್ತು ದಾಟಿದ ಜೀವ ಈ ಸುದ್ದಿ ತಾಳಲಾರದೆಂದು ಘನಗಂಭೀರವಾಗಿ ನಿರ್ಣಯಿಸಿ, ಫೋನು ಬಂದಾಗಲೆಲ್ಲ ನಾನೂ ಹೆಂಡತಿಯೂ ಅವಳೆದುರೇ ಮರಾಠಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಕಿವಿಯೇ ಕೇಳದವಳಿಂದ ಮುಚ್ಚಿಡಲು ಭಾಷೆ ಬದಲಿಸುವ ಬುದ್ಧಿವಂತಿಕೆ, ನೀವೇ ಹೇಳಿ, ಗಡಿನಾಡಿನವರಿಗಲ್ಲದೆ ಇನ್ನಾರಿಗೆ ಬಂದೀತು? ಅವ್ವನಿಗೆ ನಮಗಿಂತ ಚೆನ್ನಾಗಿ ಮರಾಠಿ ಬರುತ್ತದೆಂಬುದು ಬೇರೆ ಮಾತು.

ಈಚೆಗೊಂದು ಭಾನುವಾರ ಬೆಳಿಗ್ಗೆ, ನನ್ನ ರಸಿಕತೆಯ ಪ್ರದರ್ಶನಾರ್ಥ, ಜರ್ಮನಿಯ ಹಳೆಯ ಮೂಕಿಚಿತ್ರವೊಂದನ್ನು ಟೀವಿಗೆ ಹಾಕಿದೆ. ಅಪರಾಧಲೋಕದ ಚಕ್ರವರ್ತಿಯೊಬ್ಬ ದೃಶ್ಯಕ್ಕೊಂದು ವೇಷ ತೊಟ್ಟು ಊರನ್ನೇ ಬುಗುರಿಯಂತೆ ಆಡಿಸುವ ಕಥೆ. ನಡುವೆ ಬರುವ ಜರ್ಮನ್ ಬರಹ ಯಾರಿಗೂ ತಿಳಿಯದು. ಹೆಂಡತಿ ಆಕಳಿಸಿದಳು. ನಾನೋ, ಮೂರನೆಯ ಗಡ್ಡಕ್ಕೇ ದಾರಿ ತಪ್ಪಿ, ಕಳ್ಳನನ್ನು ಪೊಲೀಸನೆಂದು ಮೆಚ್ಚಿಕೊಳ್ಳುತ್ತಿದ್ದೆ. ಆಗ ಹಿಂದಿನಿಂದ ಅವ್ವನ ದನಿ ಕೇಳಿಸಿತು.

“ಅವನ ಬಂದಾನ ನೋಡು, ಭಾಡ್ಯಾ! ಈಗ ಮುದುಕ ಆಗ್ಯಾನ.”

ಯಾವಾಗ ಬಂದು ಕುಳಿತಿದ್ದಳೋ! ಅಲ್ಲಿಂದಾಚೆ ಒಂದು ವೇಷವೂ ಅವಳಿಂದ ತಪ್ಪಿಸಿಕೊಳ್ಳಲಿಲ್ಲ. ಅವ್ವ ಮತ್ತೆ ನಮ್ಮೊಡನೆ ಕುಳಿತಳಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು. ಹೇಗೆ ಗೊತ್ತಾಗುತ್ತದೆಂದು ಕೈಸನ್ನೆಯಲ್ಲಿ ಕೇಳಿದೆ.

“ಗಡ್ಡಾ ಹಚ್ಚಿದ್ರ ಕಣ್ಣು ಬದಲಾಗತಾವೇನೋ? ಕಿವಿ ಹೋದ ಮ್ಯಾಲ ನಾ ಬರೇ ಮಾರಿ ನೋಡಕೋತ ಕುಂತೀನಿ.” ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿದಳು. “ಫೋನ್ ಬಂದಾಗ ನಿಮ್ಮ ತುಟಿ ಮ್ಯಾಲ ಅಂಕಲಿ ಹೆಸರು ಕಾಣತೈತಿ. ಆಮ್ಯಾಲ ಇಬ್ಬರೂ ನನ್ನ ಕಡೆ ನೋಡಿ ನಗತೀರಿ. ತಂಗಿ ಅದಾಳೋ ಇಲ್ಲೋ, ಅಷ್ಟ ಹೇಳು.”

ಇದ್ದಾಳೆಂದು ತಲೆಯಾಡಿಸಿದೆ. ಬಹಳ ನಾಚಿಕೆಯಾಯಿತು.

ಚಕ್ರವರ್ತಿ ಸಿಕ್ಕಿಬಿದ್ದನೋ ಇಲ್ಲವೋ ನನಗಿನ್ನೂ ತಿಳಿಯದು; ಮಧ್ಯಾಹ್ನದೊಳಗೆ ಅಂಕಲಿಯಲ್ಲಿದ್ದೆವು. ಚಿಗವ್ವನ ದನಿ ಅಡಗಿ ತುಟಿ ಮಾತ್ರ ಅಲುಗುತ್ತಿತ್ತು. ಅವಳ ಬಾಯಿಗೆ ಕಿವಿಯಿಟ್ಟೂ ಇಟ್ಟೂ ಮಕ್ಕಳು ಸೋತಿದ್ದರು. ಅವ್ವ ಎದುರಿಗೆ ಕುಳಿತು ಆ ತುಟಿಗಳನ್ನೇ ನೋಡಿದಳು.

“ಹೂಂ, ನಮ್ಮವ್ವನ ಸೀರಿ ನನ್ನ ಹತ್ರನ ಐತಿ. ತರಸತೀನಿ ತಗೋ,” ಎಂದಳು.

ಚಿಗವ್ವ ನಕ್ಕಳು.