ನಿಕಾಹಿನ ಶರಬತ್ತಿಗೆ ಸೇದಿದ ನೀರು

ಕೇರಳದ ಪೊನ್ನಾನಿಯಿಂದ ತೆಂಕಲಿಗೆ, ಕಡಲ ದಂಡೆಯ ವಾರ್ಡೊಂದರಲ್ಲಿ ತಂಗಮಣಿ ಹದಿನಾರು ವರ್ಷಗಳಿಂದ ಆಶಾ ಕಾರ್ಯಕರ್ತೆ. ಯಾರ ಮನೆಯಲ್ಲಿ ಯಾರು ಬಸುರಿ, ಯಾರಿಗೆ ಭೇದಿ ಎಂಬುದೆಲ್ಲ ಆಕೆಗೆ ಬಾಯಿಪಾಠ. ಆ ಮೇ ತಿಂಗಳಲ್ಲಿ ಹತ್ತೇ ದಿನಕ್ಕೆ ಇಪ್ಪತ್ತಮೂರು ಜನರಿಗೆ ಕಾಮಾಲೆ ಹತ್ತಿತು. ಅವರಲ್ಲಿ ಬಸ್ ಕಂಡಕ್ಟರ್ ಶಂಸು ತೀರಿಕೊಂಡ. ದಿನಾ ಬೆಳಿಗ್ಗೆ "ಏನ್ ಚೇಚಿ, ಇವತ್ತು ಯಾರ ಹೊಟ್ಟೆ ಲೆಕ್ಕ?" ಎಂದು ಅಕ್ಕನನ್ನು ರೇಗಿಸುವಂತೆ ರೇಗಿಸುತ್ತಿದ್ದವನು. ತಂಗಮಣಿಗೆ ಅಳು ಬರಲಿಲ್ಲ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ತಾರೀಖು ಬರೆದಳು.

ಸೋಂಕು ತಗಲಿದ ಮೇಲೆ ಕಾಮಾಲೆ ಹೊರಬೀಳಲು ಸುಮಾರು ಒಂದು ತಿಂಗಳು ಬೇಕು. ಆದ್ದರಿಂದ ಹಿಂದಿನ ತಿಂಗಳು ಏನು ತಿಂದಿರಿ, ಏನು ಕುಡಿದಿರಿ ಎಂದು ಮನೆಮನೆಯಲ್ಲೂ ಕೇಳಿದಳು. ಎಲ್ಲರೂ ಹೇಳಿದ್ದು ನೆರೆಮನೆಯ ಬೀಪಾತುವಿನ ಮಗಳ ನಿಕಾಹನ್ನೇ. ಬಿರಿಯಾನಿ ಮುಟ್ಟದೆ ಹೊರಟವರಿಗೂ ಬಂದಿತ್ತು. ಬಾಗಿಲಲ್ಲಿ ಕೊಟ್ಟ ನಿಂಬೆ ಶರಬತ್ತು ಕುಡಿಯದವರಿಗೆ ಬಂದಿರಲಿಲ್ಲ. ತಂಗಮಣಿ ಅಂದು ಲಸಿಕೆ ಶಿಬಿರದಲ್ಲಿದ್ದಳು, ನಿಕಾಹಿಗೆ ಹೋಗಿರಲಿಲ್ಲ.

ಬೀಪಾತು ಹಿತ್ತಿಲಲ್ಲಿ ಮೀನು ಹೆರೆಯುತ್ತಿದ್ದಳು.

"ಶರಬತ್ತಿಗೆ ನೀರು ಎಲ್ಲಿಂದ ತಂದ್ರಿ?"

"ಪೇಟೆಯಿಂದ ಅಂತ ಬರ್ಕೋ ಚೇಚಿ."

"ಪೇಟೇಲಿ ಯಾರ ಹತ್ರ?"

ಬೀಪಾತು ಕತ್ತಿ ಕೆಳಗಿಟ್ಟಳು. "ನಮ್ಮ ಬಾವಿ ಬೇಸಿಗೇಲಿ ಉಪ್ಪಾಗುತ್ತೆ, ನಿಂಗೆ ಗೊತ್ತಿಲ್ವಾ? ಎಂಟು ಕೊಡ ನಿನ್ನ ಬಾವಿಯಿಂದಲೇ ಸೇದಿದ್ದು. 'ತಗೊಂಡ್ಹೋಗು, ಬಾವಿ ಏನು ಬತ್ತಿಹೋಗುತ್ತಾ' ಅಂದವಳು ನೀನೇ. ಚೇಚಿ ಹೆಸರು ಎತ್ತಬೇಡಿ ಅಂತ ಎಲ್ರ ಬಾಯಿ ಮುಚ್ಚಿಸಿದ್ದೆ."

ಹೌದು, ನಿಕಾಹಿನ ಹಿಂದಿನ ದಿನ ಅಂದಿದ್ದಳು, ಯಾತಕ್ಕೆಂದು ಕೇಳಿರಲಿಲ್ಲ. ಅವಳ ಮನೆಯಲ್ಲಿ ಮಾತ್ರ ಜೀರಿಗೆ ಹಾಕಿ ಕುದಿಸಿದ ನೀರೇ ಕುಡಿಯುವುದು. ಹಾಗಾಗಿ ಯಾರಿಗೂ ಏನೂ ಆಗಿರಲಿಲ್ಲ.

ಮನೆಗೆ ಬಂದು ಗಂಡ ಸುಕುಮಾರನ್ ತೋಡಿಸಿದ್ದ ಪಾಯಿಖಾನೆಯ ಗುಂಡಿಗೂ ಬಾವಿಗೂ ನಡುವೆ ಟೇಪು ಹಿಡಿದಳು. ನಿಯಮದಷ್ಟು ಅಂತರವಿರಲಿ, ಆರು ಮೀಟರು ಕೂಡ ಇರಲಿಲ್ಲ. ಇದೇ ತಪ್ಪಿಗೆ ಊರಿನವರನ್ನೆಲ್ಲ ಬೈದವಳು ಆಕೆ. ಬಾಟಲಿಯಲ್ಲಿ ನೀರು ತುಂಬಿ ಪರೀಕ್ಷೆಗೆ ಕೊಟ್ಟಳು. ನೀರು ಕೆಟ್ಟಿದೆಯೆಂದು ಉತ್ತರ ಬಂತು.

ವರದಿ ಬರೆಯುವಾಗ ಹೆಲ್ತ್ ಇನ್ಸ್‌ಪೆಕ್ಟರ್ ಪ್ರಭಾಕರನ್ ದನಿ ತಗ್ಗಿಸಿದರು. "ನೆರೆಮನೆ ಬಾವಿ ಅಂತ ಬರೆದ್ರೆ ಸಾಕು ತಂಗಮಣಿ. ನಿನ್ನ ಹೆಸರು ಯಾಕೆ?"

"ಬೇರೆಯವರ ಬಾವಿ ಆಗಿದ್ರೆ ಬರೀತಿದ್ವಲ್ಲ ಸಾರ್."

ತನ್ನ ಹೆಸರನ್ನು ತನ್ನ ಕೈಯಾರೆ ಬರೆದಳು. ಬಾವಿಗೆ ಔಷಧಿ ಸುರಿದರು, ಗುಂಡಿ ಮುಚ್ಚಿಸಿದರು. ಸುಕುಮಾರನ್ ಎರಡು ವಾರ ಮಾತು ಬಿಟ್ಟ. ಅದೂ ಅವಳಿಗೆ ನಾಟಲಿಲ್ಲ.

ಶಂಸುವಿನ ತಾಯಿ ಆಯಿಶುಮ್ಮನಿಗೆ ತಾನೇ ಹೋಗಿ ಹೇಳಿದಳು: "ನೀರು ನಮ್ಮನೆಯದು, ಉಮ್ಮಾ."

"ಬೀಪಾತು ಹೇಳಿದ್ಲು," ಅಂದಳು ಮುದುಕಿ. "ನೀನು ಬರ್ತೀಯಾ ಇಲ್ವಾ ಅಂತ ಕಾಯ್ತಿದ್ದೆ." ಕ್ಷಮಿಸಿದೆ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. "ನಿನ್ನ ಪುಸ್ತಕದಲ್ಲಿ ಈ ಮನೇಲಿ ಎಷ್ಟು ಜನ ಅಂತಿದೆ?"

"ನಾಲ್ಕು."

"ತಿದ್ದು."

ತಂಗಮಣಿ ಮೂರು ಎಂದು ತಿದ್ದಿದಳು. ಆಮೇಲೆ ಪಕ್ಕದ ಮನೆಯ ಗೇಟು ತೆಗೆದು, ಯಾರಿಗಾದರೂ ಜ್ವರ ಇದೆಯೇ ಎಂದು ಕೇಳಿದಳು.