ಅಪ್ಪನನ್ನು ಕಸಿದುಕೊಂಡ ಚೆನ್ ಸಾಹೇಬರು

ಹೋದ ವರ್ಷ ಯುಗಾದಿ ಮುಗಿಸಿಕೊಂಡು ಅಪ್ಪ ಸಿಂಗಪುರಕ್ಕೆ ಬಂದರು. ಅವ್ವ ತೀರಿಕೊಂಡ ಮೇಲೆ ಅವರು ಊರು ಬಿಟ್ಟು ಹೊರಟಿದ್ದು ಅದೇ ಮೊದಲು. ಅಣ್ಣನ ಮನೆಯಲ್ಲಿ ಅವರಿಗೆ ಯಾವುದಕ್ಕೂ ಕಡಿಮೆಯಿಲ್ಲ. ಆದರೂ ನಾನೇ ಹಟ ಹಿಡಿದು ಕರೆಸಿಕೊಂಡೆ. ಅಪ್ಪ ನನ್ನ ಪಕ್ಕ ಕೂತು ಅವ್ವನ ಬಗ್ಗೆ ನಾಲ್ಕು ಮಾತಾಡಲಿ ಎನ್ನುವುದು ನನ್ನ ಆಸೆ. ಅವ್ವ ಹೋದಾಗಿನಿಂದ ಆ ಮನುಷ್ಯ ಅವಳ ಹೆಸರನ್ನೇ ಎತ್ತಿರಲಿಲ್ಲ.

ಅಪ್ಪ ಬಾಗಲಕೋಟೆ ಕಡೆಯ ನಮ್ಮ ಸಣ್ಣ ಊರಿನ ಪುರಸಭೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಚೇರಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರಂತೆ. ಮನೆಯಲ್ಲಿ ಮಾತ್ರ "ಉಂಡಿ?", "ಹೂಂ", "ಆತು ಬಿಡು", ಇಷ್ಟೇ. ಬಜಾರದಲ್ಲಿ ಅವ್ವನಿಗೆ ತವರಿನಿಂದ ಬಂದ ಪುಟ್ಟ ಖಣದ ಅಂಗಡಿಯಿತ್ತು. ನಾನು ಚಿಕ್ಕವಳಿದ್ದಾಗ ರಸ್ತೆ ಅಗಲ ಮಾಡುವಾಗ ಅದು ಹೋಯಿತು. ಒಡೆಯಬೇಕೆಂದು ಗೋಡೆಗೆ ಕೆಂಪು ಗುರುತು ಹಾಕಿದವರು ಸ್ವತಃ ಅಪ್ಪ. ಯಾಕೆ, ಏನು ಎಂದು ಅವ್ವನೂ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಕೇಳುವ ಧೈರ್ಯ ನನಗೆ ಇರಲಿಲ್ಲ.

ಸೆಂಗ್‌ಕಾಂಗ್‌ನ ನಮ್ಮ ಮನೆಗೆ ಬಂದ ಮೇಲೂ ಮೊದಲು ಅದೇ "ಹೂಂ", ಅದೇ "ಆತು ಬಿಡು". ಹೋಗಲಿ, ಹೊಸ ಜಾಗ, ನಿಧಾನಕ್ಕೆ ಬಾಯಿ ಬಿಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಒಂದು ಸಂಜೆ ಆಫೀಸು ಮುಗಿಸಿ ಎಂಆರ್‌ಟಿ ರೈಲು ಇಳಿದು ಬರುತ್ತೇನೆ, ನಮ್ಮ ಬ್ಲಾಕಿನ ಕೆಳಗೆ ಕೂರಲೆಂದು ತೆರೆದು ಬಿಟ್ಟ ಜಾಗವಾದ ವಾಯ್ಡ್ ಡೆಕ್‌ನ ಕಲ್ಲುಮೇಜಿನ ಹತ್ತಿರ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ! ಎದುರಿಗೆ ಒಬ್ಬ ಚೀನೀ ಮುದುಕರು. ಇಬ್ಬರ ನಡುವೆ ಅಪ್ಪನ ಫೋನು. ಮಾತನ್ನು ಅನುವಾದ ಮಾಡಿ ಓದಿ ಹೇಳುವ ಆ್ಯಪ್ ಹಾಕಿಕೊಟ್ಟವಳು ನನ್ನ ಮಗಳೇ, ಮನೆಮುರುಕಿ.

ಆ ಮುದುಕರು ನಾಲ್ಕನೇ ಮಹಡಿಯ ಚೆನ್ ಅಂಕಲ್. ದಕ್ಷಿಣ ಚೀನಾದಲ್ಲಿ ಹೊಳೆದಂಡೆಯ ಒಂದು ಪುಟ್ಟ ಪಟ್ಟಣದವರು. ಅಲ್ಲಿನ ಪಟ್ಟಣ ಸರ್ಕಾರದ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ ಇಲ್ಲಿ ಮಗಳ ಮನೆಗೆ ಬಂದಿದ್ದರು. ಅಂದರೆ ಅಲ್ಲಿಯ ಪುರಸಭೆಯವರು! ಮುಗಿಯಿತಲ್ಲ ನನ್ನ ಕಥೆ.

ಅಂದಿನಿಂದ ರಾತ್ರಿ ಊಟದ ಹೊತ್ತಿಗೆ ನಮಗೆಲ್ಲ ಆ ಊರಿನ ಪಾಠ. ಮೊದಲು ಅಲ್ಲಿ ಎರಡು ಸಾಲು ಅಂಗಡಿ, ಒಂದು ಕಲ್ಲಿನ ಸೇತುವೆ, ಐದು ದಿನಕ್ಕೊಮ್ಮೆ ಸಂತೆ. ಸಂತೆಯಿಂದಲೇ ಊರು ಬೆಳೆದದ್ದು. ಆಮೇಲೆ ಊರು ಹೋಗಿ ಕಮ್ಯೂನ್ ಆಯಿತು, ಎಲ್ಲರಿಗೂ ಒಂದೇ ಅಡುಗೆಮನೆ. ಕಮ್ಯೂನ್ ಹೋಗಿ ಮತ್ತೆ ಪಟ್ಟಣ ಬಂತು. ಸುತ್ತಲಿನ ಹಳ್ಳಿಗಳೆಲ್ಲ ಅದರ ಕೈಕೆಳಗೆ. ಪಟ್ಟಣಕ್ಕೆ ಒಬ್ಬ ಮುಖ್ಯಸ್ಥ, ಅವನ ಮೇಲೆ ಪಕ್ಷದ ಕಾರ್ಯದರ್ಶಿ.

"ನಮ್ಮಲ್ಲೂ ಹಂಗ ಅಲ್ಲೇನು? ಕುರ್ಚಿ ಮ್ಯಾಲೆ ಒಬ್ಬರು, ಮಾತು ನಡಿಯೂದು ಮತ್ತೊಬ್ಬರದು" ಎಂದು ಅಪ್ಪ ನಗುತ್ತಿದ್ದರು. ಚರಂಡಿ, ನಲ್ಲಿ, ಸಂತೆ ಕರ, ಎಲ್ಲ ಬರುತ್ತಿತ್ತು. ಅವ್ವ ಮಾತ್ರ ಬರುತ್ತಿರಲಿಲ್ಲ.

ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಸುಳ್ಳು ಯಾಕೆ ಹೇಳಲಿ? ಆ ಮುದುಕರನ್ನು ಲಿಫ್ಟಿನಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದೆ. ಅವರು ಪಾಪ, ಬಗ್ಗಿ ನಗುತ್ತಿದ್ದರು. ಮೈಸೂರಿನವರಾದ ನನ್ನ ಯಜಮಾನರು ಛೇಡಿಸುತ್ತಿದ್ದರು: "ಏನೇ ನೀಲಾ, ನಿಮ್ಮಪ್ಪಂಗೆ ಇನ್ನೊಬ್ಳು ಮಗಳು ಸಿಕ್ಕಿದ್ರೂ ನೀನು ಇಷ್ಟು ಉರ್ಕೋತಿರ್ಲಿಲ್ಲ!"

ಅಪ್ಪ ವಾಪಸು ಹೋಗುವ ದಿನ ಹತ್ತಿರ ಬಂತು. ರಜೆ ಹಾಕಿ, ಹಕ್ಕಿಗಳ ಪಾರ್ಕಿಗೆ ಟಿಕೆಟ್ ಬುಕ್ ಮಾಡಿದೆ. ಅಪ್ಪ, ನಾನು ಇಬ್ಬರೇ. ಬೆಳಿಗ್ಗೆ ಎದ್ದು ಜೋಳದ ರೊಟ್ಟಿ ಬಡಿದೆ, ಬದನೆಕಾಯಿ ಎಣ್ಣೆಗಾಯಿ ಮಾಡಿದೆ.

ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಇವತ್ತ ಬ್ಯಾಡವಾ. ಚೆನ್ ಸಾಹೇಬ್ರು ಅಣೆಕಟ್ಟಿನ ವಿಷಯ ಹೇಳ್ತೀನಿ ಅಂದಾರ. ಅವರಿಗೂ ಎರಡು ರೊಟ್ಟಿ ಹಾಕಿಕೊಡು" ಎಂದರು.

"ಅಜ್ಜ ಬ್ಯುಸಿ ಲಾ" ಎಂದಳು ಮಗಳು, ಸಿಂಗಪುರದವರ ಧಾಟಿಯಲ್ಲಿ.

ನನ್ನ ಕೈಯಾರೆ ಬಡಿದ ರೊಟ್ಟಿ! ಡಬ್ಬಿಯ ಮುಚ್ಚಳವನ್ನು ಠಪ್ಪೆಂದು ಹಾಕಿ ಕೊಟ್ಟೆ. ಅಪ್ಪ ಕೆಳಗೆ ಹೋದ ಮೇಲೆ ಮನಸ್ಸು ತಡೆಯಲಿಲ್ಲ. ಅಂಥದ್ದೇನು ಮಾತಾಡುತ್ತಾರೆ ನೋಡಿಯೇಬಿಡೋಣ ಎಂದು ನಾನೂ ಇಳಿದು, ಅವರ ಬೆನ್ನ ಹಿಂದಿನ ಕಂಬದ ಪಕ್ಕದ ಬೆಂಚಿನ ಮೇಲೆ ಕೂತೆ.

ಚೆನ್ ಅಂಕಲ್ ಫೋನಿಗೆ ಹೇಳುತ್ತಿದ್ದರು, ಫೋನು ಹೆಣ್ಣುದನಿಯಲ್ಲಿ ಕನ್ನಡದಲ್ಲಿ ಒಪ್ಪಿಸುತ್ತಿತ್ತು. ಅಣೆಕಟ್ಟು ಕಟ್ಟಿದಾಗ ಅವರ ಪಟ್ಟಣದ ಹಳೇ ಬೀದಿ ಮುಳುಗುವುದಿತ್ತು. ಗುಡ್ಡದ ಮೇಲೆ ಹೊಸ ಊರು ಸಿದ್ಧವಾಗಿತ್ತು. ಜನ ಮಾತ್ರ ಏಳಲೊಲ್ಲರು. ಎಬ್ಬಿಸಲು ಹೋದ ಇವರಿಗೇ, ಮೊದಲು ನಿಮ್ಮ ಮನೆ ಖಾಲಿ ಮಾಡಿ, ಆಮೇಲೆ ನಮ್ಮನ್ನು ಕೇಳಿ ಅಂದರು. ಚೆನ್ ಅಂಕಲ್ ತಮ್ಮ ತಾಯಿಯನ್ನು ಹೊಸ್ತಿಲಿನಿಂದ ಎತ್ತಿಕೊಂಡೇ ಹೊರಗೆ ತಂದರಂತೆ. "ಹೊಸ ಮನೆಯಲ್ಲಿ ನನ್ನ ತಾಯಿ ಬಾಗಿಲಿಗೆ ಬೆನ್ನು ಹಾಕಿ ಕುಳಿತರು" ಎಂದಿತು ಫೋನು.

ಅಪ್ಪ ಫೋನನ್ನು ಬಾಯಿಯ ಹತ್ತಿರ ಹಿಡಿದರು. ನಮ್ಮ ಕಡೆಯ ಮಾತು ಆ ಆ್ಯಪ್‌ಗೆ ತಿಳಿಯುವುದಿಲ್ಲ. ಹಾಗಾಗಿ ಅಪ್ಪ ಅದರ ಜೊತೆ ಪುರಸಭೆ ಕಡತದ ಕನ್ನಡದಲ್ಲೇ ಮಾತಾಡುತ್ತಿದ್ದರು.

"ನಮ್ಮ ಊರಿನ ರಸ್ತೆ ಅಗಲೀಕರಣದಲ್ಲಿ ಮೊದಲನೆಯ ಕೆಂಪು ಗುರುತನ್ನು ನಾನೇ ಹಾಕಿದೆನು. ಸದರಿ ಅಂಗಡಿಯು ನನ್ನ ಧರ್ಮಪತ್ನಿಯವರದಾಗಿತ್ತು."

ನಾನು ಬೆಂಚಿನ ತುದಿಗೆ ಸರಿದು ಕಿವಿಗೊಟ್ಟೆ.

"ರಸ್ತೆಯ ಗೆರೆಯನ್ನು ಎದುರು ಬದಿಗೆ ಸರಿಸಿ ಸದರಿ ಅಂಗಡಿಯನ್ನು ಉಳಿಸಿಕೊಡುವುದಾಗಿ ಕೆಲವರು ಹೇಳಿದ್ದರು. ಹಾಗೆ ಮಾಡಿದಲ್ಲಿ ಎದುರಿನ ಬಡವರ ಅಂಗಡಿಗಳು ಹೋಗುತ್ತಿದ್ದವು. ನಾನು ಒಪ್ಪಲಿಲ್ಲ. ಈ ವಿಷಯವನ್ನು ಪತ್ನಿಯವರಿಗೆ ತಿಳಿಸಲಿಲ್ಲ. ಕೇಳಿದ್ದಲ್ಲಿ ಅವರೇ, ನಮ್ಮದೇ ಹೋಗಲಿ ಎನ್ನುತ್ತಿದ್ದರು. ಆಗ ಅಂಗಡಿ ಕಳೆದ ಹೊಣೆ ಅವರ ಮೇಲೆ ಬರುತ್ತಿತ್ತು. ಆದಕಾರಣ ಕೇಳಲಿಲ್ಲ."

ಚೆನ್ ಅಂಕಲ್ ತಲೆ ಆಡಿಸಿ ಏನೋ ಕೇಳಿದರು. "ಅವರು ನಿಮ್ಮೊಂದಿಗೆ ಮಾತು ಬಿಟ್ಟರೇ?" ಎಂದಿತು ಫೋನು.

"ಮಾತು ಬಿಡಲಿಲ್ಲ" ಎಂದರು ಅಪ್ಪ. "ಸದರಿ ರಸ್ತೆಯಲ್ಲಿ ನಡೆಯುವುದನ್ನು ಬಿಟ್ಟರು. ಕಡೆಯವರೆಗೂ."

ಅವ್ವ ನನ್ನ ಕೈ ಹಿಡಿದು ಬಜಾರದ ರಸ್ತೆ ಬಿಟ್ಟು ಕುಂಬಾರ ಓಣಿ ಸುತ್ತು ಹಾಕಿಕೊಂಡು ಗುಡಿಗೆ ಹೋಗುತ್ತಿದ್ದಳು. ಅಲ್ಲಿ ನೆರಳಿದೆ, ಅದಕ್ಕೇ ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.

ಆ ಕ್ಷಣ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೈಯೆಲ್ಲ ಉರಿಯುವಂಥ ಸಿಟ್ಟು. ಎದ್ದು ಹೋಗಿ ಅವರ ಎದುರಿಗೇ ನಿಂತೆ.

"ಅಪ್ಪಾ, ಅವ್ವಗ ಹೇಳಲಿಲ್ಲ, ನನಗ ಹೇಳಲಿಲ್ಲ. ನಿನ್ನೆ ಮೊನ್ನೆ ಸಿಕ್ಕ ಇವರಿಗೆ ಹೇಳಿದ್ರಲ್ಲ! ನಾ ನಿಮ್ಮ ಮಗಳು ಹೌದೋ ಅಲ್ಲೋ?"

ಫೋನು ಇನ್ನೂ ಚಾಲೂ ಇತ್ತು. ನನ್ನ ಕೂಗಾಟದಲ್ಲಿ ಅದಕ್ಕೆ ಎಷ್ಟು ತಿಳಿಯಿತೋ, ತಿಳಿದಷ್ಟನ್ನು ಚೀನೀ ಭಾಷೆಯಲ್ಲಿ ಶಾಂತವಾಗಿ ಓದಿ ಹೇಳಿತು. ಚೆನ್ ಅಂಕಲ್ ಎದ್ದು ನಿಂತು, ತಾವು ಕೂತಿದ್ದ ಜಾಗವನ್ನು ನನಗೆ ತೋರಿಸಿ, ರೊಟ್ಟಿ ಡಬ್ಬಿ ಎತ್ತಿಕೊಂಡು ಲಿಫ್ಟಿನ ಕಡೆ ಹೊರಟುಬಿಟ್ಟರು.

ನಾನು ಕೂತೆ. ಅಪ್ಪ ನನ್ನ ಮುಖ ನೋಡಲಿಲ್ಲ.

"ನಿನಗ ಹೇಳಿದ್ರ ಸಬೂಬು ಹೇಳಿದಂಗ ಆಗತದವಾ" ಎಂದರು. "ನೀ ಅಕಿ ಮಗಳು. ನಿನ್ನ ಮುಂದ ನಾ ಏನಂತ ಬಾಯಿ ತೆರಿಲಿ? ಚೆನ್ ಸಾಹೇಬ್ರಿಗೆ ಹೇಳಿದ್ರ ಬರೇ ಕಚೇರಿ ಮಾತು."

ಆಗ ಅಳು ಬಂತು ನೋಡಿ. ಇಬ್ಬರೂ ಹಾಗೇ ಕೂತಿದ್ದೆವು. ಪಾರ್ಕಿಗೆ ಹೋಗಲಿಲ್ಲ.

ಮುಂದಿನ ವಾರ ಅಪ್ಪ ಊರಿಗೆ ಹೋದರು. ವಿಮಾನ ನಿಲ್ದಾಣಕ್ಕೆ ಹೊರಡುವಾಗ ಚೆನ್ ಅಂಕಲ್ ಕೆಳಗೆ ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಅಪ್ಪನ ಕಣ್ಣು ಒದ್ದೆಯಾಯಿತು. ನನಗೆ ಆಗಲೂ ಹೊಟ್ಟೆ ಉರಿಯಿತು. ಇಂಥ ಕಥೆ ಹೇಳುವವರು ಕೊನೆಗೆ ಮನಸ್ಸು ತಿಳಿಯಾಯಿತು ಎನ್ನುತ್ತಾರೆ. ನನ್ನದು ಅಷ್ಟು ದೊಡ್ಡ ಮನಸ್ಸಲ್ಲ.

ಆದರೆ ಆ ಮುದುಕರಿಂದ ನಾನು ಒಂದು ವಿದ್ಯೆ ಕಲಿತೆ. ಈಗ ಫೋನಿನಲ್ಲಿ ಅಪ್ಪನಿಗೆ "ಹೆಂಗಿದ್ದೀರಿ" ಎಂದು ಕೇಳುವುದಿಲ್ಲ. ಊರಿಗೆ ಮೊದಲು ನಲ್ಲಿ ನೀರು ಬಂದಾಗ ಅಧ್ಯಕ್ಷರು ಯಾರಿದ್ದರು, ಸಂತೆಯನ್ನು ಊರ ಹೊರಗೆ ಯಾಕೆ ಸಾಗಿಸಿದರು ಎಂದು ಕೇಳುತ್ತೇನೆ. ಅಪ್ಪ ಶುರು ಮಾಡುತ್ತಾರೆ. ಒಳಚರಂಡಿಯ ಮಾತಿನ ನಡುವೆ ಎಲ್ಲಿಂದಲೋ ಅವ್ವ ಬಂದುಬಿಡುತ್ತಾಳೆ.

ಮೊನ್ನೆ ಭಾನುವಾರ ಹೀಗೇ ಮಾತಾಡುತ್ತ, ಮದುವೆಯಾದ ಹೊಸದರಲ್ಲಿ ಅವ್ವ ಅಂಗಡಿಯಲ್ಲಿ ಕೂತು ಖಣದ ಮಡಿಕೆ ಬಿಚ್ಚುವುದನ್ನು ನೋಡಲೆಂದೇ ತಾವು ಕರ ವಸೂಲಿಯ ನೆಪ ಮಾಡಿಕೊಂಡು ಬಜಾರಕ್ಕೆ ಹೋಗುತ್ತಿದ್ದುದನ್ನು ಹೇಳಿದರು. ಹೇಳಿ, ಕೆಮ್ಮಿ, ದನಿ ತಗ್ಗಿಸಿದರು.

"ಇದನ್ನ ಚೆನ್ ಸಾಹೇಬ್ರಿಗೂ ಹೇಳಿಲ್ಲವಾ."

ಆ ಸಂಜೆ ಲಿಫ್ಟಿನಲ್ಲಿ ಚೆನ್ ಅಂಕಲ್ ಸಿಕ್ಕರು. ನಾನೇ ಮೊದಲು ನಕ್ಕೆ.